ಸಾಕಿದ ಜೀವದ ಋಣ

ಮನುಷ್ಯನು ತನ್ನ ಕಣ್ಣಿನ ಸಂತೋಷಕ್ಕಾಗಿ ಒಂದು ಪ್ರಾಣಿಯ ರೂಪವನ್ನೇ ತಲೆಮಾರುಗಳ ಕಾಲ ತಿದ್ದಿ ಬದಲಾಯಿಸಿದ ಮೇಲೆ, ಆ ಪ್ರಾಣಿಯ ಕುರಿತು ಅವನಿಗಿರುವ ಹೊಣೆ ಎಷ್ಟು? ಈ ಪ್ರಶ್ನೆಯನ್ನು ನಾವು ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ; ಕಾಸರಗೋಡಿನ ನಮ್ಮ ಬೀದಿಗಳಲ್ಲೇ ಅದು ಎದುರಾಗುತ್ತಿದೆ. ಹಿಂದೆ ನಮ್ಮ ಮನೆಗಳ ಅಟ್ಟದಲ್ಲಿ, ಅಡಕೆ ಹರಡಿದ ಅಂಗಳದಲ್ಲಿ, ಹಟ್ಟಿಯ ಮೂಲೆಯಲ್ಲಿ ಇದ್ದುದು ನಾಡಬೆಕ್ಕು. ಅದನ್ನು ಹಣ ಕೊಟ್ಟು ತಂದವರಿಲ್ಲ. ಇಲಿ ಹಿಡಿದು, ಉಳಿದುದನ್ನು ಉಂಡು, ಬೇಕಾದಾಗ ಬಂದು ಬೇಡವಾದಾಗ ಹೋಗುತ್ತಿತ್ತು. ಈಗ ಪೇಟೆಯ ಮನೆಗಳಿಗೆ ಪರ್ಷಿಯನ್ ಬೆಕ್ಕು ಬಂದಿದೆ. ಉದ್ದ ಕೂದಲು, ದುಂಡು ತಲೆ, ಚಪ್ಪಟೆ ಮೂಗು, ಅಗಲ ಕಣ್ಣು. ಕಂಡವರೆಲ್ಲ ಮುದ್ದಿಸಬಯಸುವ ಚೆಲುವು. ಆ ಚೆಲುವಿನ ಬೆಲೆಯನ್ನು ತೆರುವವರು ಯಾರು ಎಂಬುದೇ ನಮ್ಮ ವಿಚಾರ.

ಈ ತಳಿಯ ಚರಿತ್ರೆಯಲ್ಲಿ ನಮ್ಮ ನಾಡಿಗೂ ಸಣ್ಣ ಸಂಬಂಧವೊಂದಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1620ರ ಸುಮಾರಿಗೆ ಪರ್ಷಿಯಾದಲ್ಲಿದ್ದಾಗ ಖೊರಾಸಾನ್ ಪ್ರಾಂತದ ರೇಷ್ಮೆಗೂದಲಿನ ಬೆಕ್ಕುಗಳನ್ನು ಮೆಚ್ಚಿ, ಅವನ್ನು ತನ್ನ ದೇಶಕ್ಕೆ ಕೊಂಡೊಯ್ಯುವ ಆಸೆಯನ್ನು ಪತ್ರದಲ್ಲಿ ಬರೆದನು. ಅದೇ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನೂ, ಬಳಿಕ ಮಂಗಳೂರು ಸೀಮೆಯನ್ನೂ ಕಂಡು ವರ್ಣಿಸಿದನು. ಆದರೆ ಇಂದಿನ ಪರ್ಷಿಯನ್ ಬೆಕ್ಕನ್ನು ರೂಪಿಸಿದುದು ಪರ್ಷಿಯಾ ಅಲ್ಲ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೇರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದ ನಂತರ, ಬಹುಮಾನದ ಆಸೆಯಿಂದ ಆಯ್ದು ಆಯ್ದು ಕೂಡಿಸಿದ ಫಲವೇ ಅದು. ವಂಶವಾಹಿಗಳ ಅಧ್ಯಯನವೂ ಅದು ಪಶ್ಚಿಮ ಯೂರೋಪಿನ ಬೆಕ್ಕುಗಳಿಗೇ ಹತ್ತಿರವೆಂದು ತೋರಿಸಿದೆ. ಹೆಸರು ಪರ್ಷಿಯಾದ್ದು, ರೂಪ ಮನುಷ್ಯನ ಬಯಕೆಯದು.

ಆ ಬಯಕೆ ಬೆಕ್ಕಿನ ದೇಹದಲ್ಲಿ ಉಳಿಸಿದ ಗುರುತುಗಳು ಹಲವು. ಮುಖ ಚಪ್ಪಟೆಯಾದಂತೆ ಉಸಿರಿನ ದಾರಿ ಕಿರಿದಾಯಿತು. ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಮೂಗಿಗಿಳಿಯದೆ ಕೆನ್ನೆಯ ಮೇಲೆ ಹರಿಯುತ್ತದೆ. ದವಡೆಯಲ್ಲಿ ಹಲ್ಲುಗಳಿಗೆ ಎಡೆ ಸಾಲದು. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ರೋಗವೊಂದು ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ತಂದೆ ತಾಯಿಗಳಲ್ಲಿ ಒಂದರಿಂದ ಬಂದರೂ ಸಾಕು. ಅದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2004ರಲ್ಲಿ ಗುರುತಿಸಲಾಯಿತು, ಪರೀಕ್ಷೆಯೂ ಇದೆ. ಮರಿ ಕೊಳ್ಳುವಾಗ ಬಣ್ಣವನ್ನು ಕೇಳುವವರು ಈ ಪರೀಕ್ಷೆಯನ್ನೂ ಕೇಳಿದ್ದರೆ ಎಷ್ಟೋ ನೋವು ತಪ್ಪುತ್ತಿತ್ತು.

ಇಂತಹ ಬೆಕ್ಕನ್ನು ಅರಿಯುವುದೆಂದರೆ ಅದರ ದಿನಚರಿಯನ್ನು ಅರಿಯುವುದು. ಪ್ರತಿದಿನ ಲೋಹದ ಬಾಚಣಿಗೆಯಿಂದ ಕೂದಲು ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಮೊದಲು ಗಂಟಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಕಣ್ಣಿನ ಅಂಚನ್ನು ಒರಸಬೇಕು. ಮುಖ ಚಪ್ಪಟೆಯಾದ ಕಾರಣ ಆಹಾರವನ್ನು ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಇಡಬೇಕು. ನಮ್ಮ ಕರಾವಳಿಯ ಏಪ್ರಿಲ್ ಮೇ ತಿಂಗಳ ಸೆಕೆ ಅದಕ್ಕೆ ಕಷ್ಟ. ನೆರಳು, ಗಾಳಿ, ತಣ್ಣೀರು ಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಎರಡು ದಿನ ಉಣ್ಣದಿದ್ದರೂ ಯಕೃತ್ತಿಗೆ ಅಪಾಯ. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಕೊಟ್ಟರೆ ಅದು ಬೆಕ್ಕಿಗೆ ವಿಷ.

ಇಲ್ಲಿ ಸಸ್ಯಾಹಾರಿ ಮನೆಗಳಿಗೆ ಒಂದು ಧರ್ಮಸಂಕಟವಿದೆ. ಹಾಲು ಅನ್ನ ಹಾಕಿ ಬೆಕ್ಕನ್ನು ಸಾಕಬಹುದೆಂದು ಹಲವರು ನಂಬಿದ್ದಾರೆ. ನಾಡಬೆಕ್ಕು ಹೊರಗೆ ಬೇಟೆಯಾಡಿ ಕೊರತೆಯನ್ನು ತುಂಬಿಕೊಳ್ಳುತ್ತದೆ. ಬಾಗಿಲ ಹೊರಗೆ ಕಾಲಿಡದ ಬೆಕ್ಕಿಗೆ ಆ ದಾರಿಯಿಲ್ಲ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಅಂಶ ಸಾಕಷ್ಟು ಸಿಗದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯ ಸೋಲುತ್ತದೆ. ಅಹಿಂಸೆ ನಮ್ಮ ವ್ರತ. ಆದರೆ ವ್ರತವೆಂಬುದು ಹಿಡಿದವನು ತಾನೇ ಹೊರತಕ್ಕದ್ದು. ಅದನ್ನು ಮಾತು ಬಾರದ ಜೀವಿಯ ಮೇಲೆ ಹೇರಿ, ಅದು ಕುರುಡಾಗುವಂತೆ ಮಾಡುವುದು ಅಹಿಂಸೆಯಾಗಲಾರದು. ಅದಕ್ಕೆ ತಕ್ಕ ಆಹಾರವನ್ನು ಮನೆಯೊಳಗೆ ತರಲು ಮನಸ್ಸು ಒಪ್ಪದಿದ್ದರೆ ಬೆಕ್ಕನ್ನು ತಾರದಿರುವುದೇ ಧರ್ಮ.

ಕಳೆದ ವರ್ಷ ಪೇಟೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಇಂತಹ ಬೆಕ್ಕೊಂದನ್ನು ನಾವು ಕಂಡೆವು. ಸಾಕಿದವರು ಪರದೇಶಕ್ಕೆ ಹೋಗುವಾಗ ಬಿಟ್ಟುಹೋಗಿದ್ದರು. ಕೂದಲು ಕಂಬಳಿಯಂತೆ ಗಂಟುಕಟ್ಟಿ ಚರ್ಮವನ್ನು ಎಳೆಯುತ್ತಿತ್ತು. ಎಸೆದ ಮೀನಿನ ತಲೆಗೆ ಬೀದಿಬೆಕ್ಕುಗಳು ಮುನ್ನುಗ್ಗಿದಾಗ ಅದು ಹಿಂದೆ ಸರಿಯುತ್ತಿತ್ತು. ನೆರೆಮನೆಯ ಬಾಲಕಿಯೊಬ್ಬಳು, "ಮಾಷ್ಟ್ರೇ, ಇದೂ ಬೆಕ್ಕೇ ಅಲ್ವಾ? ಇಲಿ ಹಿಡಿದು ಬದುಕ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದಳು. ಆಗುವುದಿಲ್ಲ, ಏಕೆಂದರೆ ಆ ಶಕ್ತಿಯನ್ನು ಅದರಿಂದ ಕಿತ್ತುಕೊಂಡವರು ನಾವೇ. ಸಾಕಿದ ಪ್ರಾಣಿ ಹಸಿವು ಬಾಯಾರಿಕೆಗಳಿಂದ ನರಳುವಂತೆ ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಆದರೆ ಕಾಯಿದೆ ಎಷ್ಟು ಮೆಟ್ಟಿಲುಗಳ ಕೆಳಗೆ ಬಗ್ಗಿ ನೋಡೀತು?

ಶ್ರೀವೈಷ್ಣವರು ಶರಣಾಗತಿಯನ್ನು ವಿವರಿಸುವಾಗ ಎರಡು ನ್ಯಾಯಗಳನ್ನು ಹೇಳುತ್ತಾರೆ. ಮರ್ಕಟಕಿಶೋರ ನ್ಯಾಯದಲ್ಲಿ ಕೋತಿಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯುತ್ತದೆ. ಮಾರ್ಜಾಲಕಿಶೋರ ನ್ಯಾಯದಲ್ಲಿ ಬೆಕ್ಕಿನ ಮರಿ ಏನನ್ನೂ ಮಾಡದು. ತಾಯಿಯೇ ಕಚ್ಚಿ ಒಯ್ಯುತ್ತದೆ. ನಾಡಬೆಕ್ಕು ನಮ್ಮನ್ನು ತಾನಾಗಿ ಹಿಡಿದುಕೊಂಡದ್ದು. ಕೈಬಿಟ್ಟರೂ ಹೇಗೋ ಬಾಳೀತು. ಪರ್ಷಿಯನ್ ಬೆಕ್ಕನ್ನು ಎತ್ತಿಕೊಂಡವರು ನಾವು. ಎತ್ತಿಕೊಂಡವನಿಗೆ ನಡುದಾರಿಯಲ್ಲಿ ಇಳಿಸುವ ಅಧಿಕಾರವಿಲ್ಲ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವನ್ನು ಸೇರಿಸಿದ ಹಿರಿಯರು, ಇತರ ಜೀವಿಗಳಿಗೆ ಉಣಿಸುವುದನ್ನು ಗೃಹಸ್ಥನ ನಿತ್ಯಕರ್ಮವೆಂದರು. ಮನಸ್ಸು ಬಂದ ದಿನ ಮಾಡುವ ಉಪಕಾರವೆಂದು ಎಣಿಸಲಿಲ್ಲ.

ಹಾಗಾದರೆ ಈ ತಳಿಯನ್ನು ಸಾಕುವುದೇ ತಪ್ಪೇ? ಈಗಾಗಲೇ ಹುಟ್ಟಿರುವ ಬೆಕ್ಕುಗಳಿಗೆ ಮನೆ ಬೇಕು. ಅವುಗಳನ್ನು ಪ್ರೀತಿಯಿಂದ ಸಾಕುವವರು ಪುಣ್ಯವನ್ನೇ ಮಾಡುತ್ತಾರೆ. ತಪ್ಪಿರುವುದು ಇನ್ನಷ್ಟು ಚಪ್ಪಟೆ ಮುಖ ಬೇಕೆಂದು ಕೇಳುವುದರಲ್ಲಿ, ಹತ್ತು ಹದಿನೈದು ವರ್ಷ ಬಾಳುವ ಜೀವವನ್ನು ಒಂದು ದಿನದ ಉಡುಗೊರೆಯಾಗಿ ಕೊಡುವುದರಲ್ಲಿ. ಮೂಗು ತುಸು ಉದ್ದವಿರುವ ಮರಿಯನ್ನು ಆಯ್ದರೆ, ಮಾರುವವರೂ ಅಂತಹದನ್ನೇ ಬೆಳೆಸಿಯಾರು. ಬಿಟ್ಟುಹೋದ ಬೆಕ್ಕಿಗೆ ಮನೆ ಕೊಟ್ಟರೆ ಇನ್ನೂ ಮೇಲು.

ಗಡಿನಾಡಿನ ನಮಗೆ ಈ ಮಾತು ಬೇಗ ಅರ್ಥವಾದೀತು. ಕುಲದ ಹೆಮ್ಮೆಯಿಂದ ಯಾವುದೂ ಉಳಿಯುವುದಿಲ್ಲ, ಭಾಷೆಯೂ ಸಹ. ಮನೆಯಲ್ಲಿ ದಿನವೂ ಆಡಿದರೆ ಮಾತ್ರ ಉಳಿಯುತ್ತದೆ. ಬೆಕ್ಕನ್ನು ತರಬೇಕೆಂದು ಮಕ್ಕಳು ಹಟಹಿಡಿದರೆ ಹಿರಿಯರು ಒಡನೆ ಬೇಡವೆನ್ನಬೇಕಾಗಿಲ್ಲ. ದಿನವೂ ಬಾಚುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಮುದಿಯಾದಾಗ ಮದ್ದು ಕುಡಿಸುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಮನೆಮಂದಿಯೆಲ್ಲ ಕೂಡಿ ಕೇಳಿಕೊಳ್ಳಲಿ. ಮೂರಕ್ಕೂ ಉತ್ತರ ದೊರೆತ ಮನೆಗೆ ಬೆಕ್ಕು ಬರಲಿ.