ಆಫ್ ದ ಚಾರ್ಟ್ಸ್ ಕೃಪೆ

ವಾಕ್ಯಭಾಗ: ಮತ್ತಾಯ 18:21–35



ಅಳೆಯೋಕಾಗದಷ್ಟು ಏನಾದ್ರೂ ಇದ್ದರೆ ನಾವು ‘ಆಫ್ ದ ಚಾರ್ಟ್ಸ್’ ಅಂತೀವಿ. ಸ್ಯಾಲರಿ ಹೈಕ್ ಆಫ್ ದ ಚಾರ್ಟ್ಸ್, ಟ್ರಾಫಿಕ್ ಆಫ್ ದ ಚಾರ್ಟ್ಸ್, ಭಾನುವಾರದ ವರ್ಷಿಪ್ ಕೂಡ ಆಫ್ ದ ಚಾರ್ಟ್ಸ್!

ಯೇಸು ಸ್ವಾಮಿಯ ಈ ಸಾಮ್ಯದಲ್ಲೂ ಅಂಥದ್ದೇ ಒಂದು ಮಾತಿದೆ. ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಹತ್ತು ಸಾವಿರಕ್ಕೆ ಗ್ರೀಕ್ ಭಾಷೆಯಲ್ಲಿ ‘ಮುರಿಯೊಯ್’ ಅಂತಾರೆ. ಲೆಕ್ಕವಿಲ್ಲದಷ್ಟು ಅನ್ನೋಕೂ ಅದೇ ಪದ. ಇಂಗ್ಲಿಷಿನ ‘ಮಿರಿಯಡ್’ ಬಂದದ್ದು ಅಲ್ಲಿಂದಲೇ.

ಈಗ ಲೆಕ್ಕ ಹಾಕೋಣ. ದಿನಾರಿ ಅಂದ್ರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಹಾಗಾದ್ರೆ ಅವನ ಸಾಲ 6 ಕೋಟಿ ದಿನಗಳ ಕೂಲಿ! ಒಂದು ದಿನವೂ ರಜೆ ಇಲ್ಲದೆ ದುಡಿದರೂ 1,60,000 ವರ್ಷಕ್ಕಿಂತ ಹೆಚ್ಚು. ಅವನು ಕೇಳಿದ್ದು ಮಾತ್ರ ಏನು? ಸ್ವಲ್ಪ ಟೈಮ್. ಇಎಂಐ ಕಟ್ಟಿ ಮುಗಿಸ್ತೀನಿ ಅನ್ನೋ ಹಾಗೆ! ಅರಸ ಟೈಮ್ ಕೊಡಲಿಲ್ಲ, ಇಡೀ ಸಾಲವನ್ನೇ ಬಿಟ್ಟುಬಿಟ್ಟ. ಹಲ್ಲೆಲೂಯಾ!

ಆದರೆ ಅದೇ ಆಳು ಹೊರಗೆ ಹೋಗಿ, ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ನೂರು ದಿನಾರಿ ಸಣ್ಣದಲ್ಲ, ಮೂರು ತಿಂಗಳ ದುಡಿಮೆ. ನಿಮಗಾದ ನೋವೂ ಸಣ್ಣದಲ್ಲ. ನಿಮ್ಮ ಐಡಿಯಾ ಕದ್ದ ಟೀಮ್‌ಮೇಟ್, ಮಾತು ಕೊಟ್ಟು ಕೈಬಿಟ್ಟವರು, ಮನೆಯಲ್ಲಿ ಮಾತು ಬಿಟ್ಟಿರೋ ಅಣ್ಣ. ಕ್ಷಮಿಸೋದು ಅಂದ್ರೆ ತಪ್ಪನ್ನು ಸರಿ ಅನ್ನೋದಲ್ಲ. ಅರಸ ಕೂಡ ಲೆಕ್ಕ ನೋಡಿ, ಸಾಲ ಸಾಲವೇ ಅಂತ ತಿಳಿದೇ ಬಿಟ್ಟುಕೊಟ್ಟದ್ದು.

ಪೇತ್ರ ಕೇಳಿದ್ದು ಏಳು ಸಾರಿಯ ಚಾರ್ಟ್. ಸ್ವಾಮಿ ಆ ಚಾರ್ಟನ್ನೇ ಕೈಯಿಂದ ತೆಗೆದುಕೊಂಡರು.

ಪ್ರಿಯರೇ, ದೇವರ ಕೃಪೆ ಆಫ್ ದ ಚಾರ್ಟ್ಸ್ ಅಂತ ಭಾನುವಾರ ಹಾಡಿ, ಸೋಮವಾರ ಬೇರೆಯವರ ತಪ್ಪಿಗೆ ಎಕ್ಸೆಲ್ ಶೀಟ್ ತೆಗೆದರೆ ಆ ಮಾತಿಗೆ ಬೆಲೆ ಏನು? ಈ ವಾರ ಒಂದು ಹೆಸರನ್ನು ದೇವರ ಮುಂದೆ ಇಡಿ. ಆ ಸಾಲ ಎಷ್ಟು ಅಂತ ಪ್ರಾಮಾಣಿಕವಾಗಿ ಹೇಳಿ. ಪಕ್ಕದಲ್ಲಿ ನಿಮಗೆ ಮನ್ನಾ ಆದದ್ದನ್ನೂ ಇಟ್ಟು ನೋಡಿ. ಆಮೇಲೆ ಬಿಟ್ಟುಬಿಡಿ.

ಕರ್ತನು ಅದಕ್ಕೆ ಬೇಕಾದ ಬಲ ಕೊಡಲಿ. ಆಮೆನ್.