ಮಂಡಿಯೂರಿದ ತಂದೆ



ಪ್ರಾರ್ಥನೆ ಮಾಡುವುದನ್ನು ಕಲಿಸಿಕೊಡಿ ಎಂದು ಶಿಷ್ಯರು ಕೇಳಿದಾಗ, ದೇವರನ್ನು ಕರೆಯಲು ಯೇಸುಸ್ವಾಮಿ ಅವರಿಗೆ ಕೊಟ್ಟ ಮೊದಲ ಪದ 'ತಂದೆ' (ಲೂಕ 11:1-2). ರಾಜ ಎನ್ನಬಹುದಿತ್ತು, ನ್ಯಾಯಾಧಿಪತಿ ಎನ್ನಬಹುದಿತ್ತು. ಆದರೆ ಮಗುವೊಂದು ಮನೆಯಲ್ಲಿ ದಿನವೂ ಕೂಗುವ ಪದವನ್ನೇ ಅವರು ಆರಿಸಿಕೊಂಡರು. ಆದ್ದರಿಂದ ನಮ್ಮ ಮನೆಯ ಮಗು ಈ ಪ್ರಾರ್ಥನೆಯನ್ನು ಕಲಿಯುವಾಗ ಅದರ ಕಣ್ಮುಂದೆ ಬರುವುದು ಯಾರ ಮುಖ? ತನ್ನ ಅಪ್ಪನ ಮುಖ. ದೇವರು ಹೇಗಿದ್ದಾರೆ ಎಂಬ ಮೊದಲ ಪಾಠವನ್ನು ಮಗು ಧರ್ಮೋಪದೇಶದ ಪುಸ್ತಕದಲ್ಲಿ ಓದುವುದಿಲ್ಲ, ಮನೆಯಲ್ಲಿ ನೋಡಿ ಕಲಿಯುತ್ತದೆ.

ತಾಯಿಯ ಋಣವನ್ನು ನಾವು ಸುಲಭವಾಗಿ ನೆನೆಯುತ್ತೇವೆ. ತಂದೆಯ ಋಣ ನಮ್ಮ ಬಾಯಿಗೆ ಬರುವುದು ಬಹಳ ಸಲ ಅವರನ್ನು ಮಣ್ಣು ಮಾಡಿ ಬಂದ ಮೇಲೆ. ಹಾಗಾಗಬಾರದು ಎಂಬುದಕ್ಕಾಗಿಯೇ ಈ ವಾರದ ಚಿಂತನೆ.

1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಿದ್ದ ಜಗದ್ಗುರು ಎರಡನೇ ಜಾನ್ ಪೌಲರನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ. 2014ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಈ ಸಂತರನ್ನು ರೂಪಿಸಿದವರು ಯಾರು? ಪೋಲೆಂಡ್ ದೇಶದ ವಾದೊವಿಟ್ಸೆ ಎಂಬ ಸಣ್ಣ ಊರಿನಲ್ಲಿ ಅವರು ಕರೋಲ್ ಎಂಬ ಬಾಲಕನಾಗಿದ್ದಾಗ, 1929ರಲ್ಲಿ ತಾಯಿ ತೀರಿಕೊಂಡರು. ಆಗ ಬಾಲಕನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. 1932ರಲ್ಲಿ ವೈದ್ಯನಾಗಿದ್ದ ಅಣ್ಣನೂ ರೋಗಿಯಿಂದ ತಗುಲಿದ ಜ್ವರಕ್ಕೆ ಬಲಿಯಾದ. ಮನೆಯಲ್ಲಿ ಉಳಿದವರು ಇಬ್ಬರೇ: ಸೈನ್ಯದಿಂದ ನಿವೃತ್ತರಾಗಿದ್ದ ತಂದೆ ಮತ್ತು ಹನ್ನೆರಡರ ಹುಡುಗ. ಪಿಂಚಣಿಯ ಹಣದಲ್ಲಿ ತಂದೆ ಮನೆ ನಡೆಸಿದರು, ಅಡಿಗೆ ಮಾಡಿದರು, ಮಗನ ಬಟ್ಟೆಗಳನ್ನು ಹೊಲಿದರು.

ಹೆಂಡತಿಯನ್ನೂ ಹಿರಿಯ ಮಗನನ್ನೂ ಕಳೆದುಕೊಂಡ ಆ ಮನುಷ್ಯ ದೇವರ ಮೇಲೆ ಮುನಿಸಿಕೊಂಡಿದ್ದರೆ ಯಾರು ತಪ್ಪೆನ್ನುತ್ತಿದ್ದರು? ಆದರೆ ಮಗ ಕಂಡದ್ದು ಬೇರೆ. ರಾತ್ರಿ ಎಚ್ಚರವಾದಾಗ ಕೆಲವೊಮ್ಮೆ ತಂದೆ ಕತ್ತಲಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿರುವುದು ಅವನಿಗೆ ಕಾಣುತ್ತಿತ್ತು. ಗುರುದೀಕ್ಷೆಯ ಸುವರ್ಣ ಮಹೋತ್ಸವದ ವರ್ಷ, 1996ರಲ್ಲಿ, ಬರೆದ ಪುಸ್ತಕದಲ್ಲಿ ಜಗದ್ಗುರುಗಳು ಇದನ್ನು ನೆನೆಯುತ್ತಾರೆ. ಗುರುಗಳಾಗುವ ಮಾತು ತಂದೆಮಗನ ನಡುವೆ ಬಂದೇ ಇರಲಿಲ್ಲವಂತೆ. ಆದರೂ ತಂದೆಯ ಬದುಕೇ ತಮಗೆ ಮೊದಲ ಗುರುಮಠವಾಗಿತ್ತು ಎಂದು ಅವರು ಹೇಳಿದ್ದಾರೆ. ಪವಿತ್ರಾತ್ಮರಿಗೆ ಸಲ್ಲಿಸುವ ಒಂದು ಪ್ರಾರ್ಥನೆಯನ್ನು ತಂದೆ ಕೊಟ್ಟು, ದಿನವೂ ಹೇಳಿಕೋ ಎಂದಿದ್ದರು. ಜಗದ್ಗುರುಗಳಾದ ಮೇಲೂ ಮಗ ಅದನ್ನು ಬಿಡಲಿಲ್ಲ.

ಗಮನಿಸಿ, ಆ ತಂದೆ ಮಗನನ್ನು ಕೂರಿಸಿಕೊಂಡು ಉಪದೇಶ ಮಾಡಲಿಲ್ಲ. ಮಗ ನೋಡುತ್ತಿದ್ದಾನೆ ಎಂದು ಮಂಡಿಯೂರಿದವರೂ ಅಲ್ಲ. ಅವರು ಪ್ರಾರ್ಥಿಸಿದರು, ಮಗನ ಕಣ್ಣಿಗೆ ಬಿತ್ತು, ಅಷ್ಟೇ.

1941ರ ಫೆಬ್ರವರಿ 18ರಂದು, ಕ್ರಾಕೋವ್ ನಗರ ನಾಜಿಗಳ ವಶದಲ್ಲಿದ್ದಾಗ ಆ ತಂದೆ ತೀರಿಕೊಂಡರು. ಕಲ್ಲುಗಣಿಯಲ್ಲಿ ಕೂಲಿ ಮಾಡುತ್ತಿದ್ದ ಮಗ ಊಟ ಹಿಡಿದುಕೊಂಡು ಮನೆಗೆ ಬಂದಾಗ ಜೀವ ಹೋಗಿತ್ತು. ಇಪ್ಪತ್ತರ ಆ ತರುಣ ರಾತ್ರಿಯಿಡೀ ತಂದೆಯ ದೇಹದ ಬಳಿ ಪ್ರಾರ್ಥಿಸುತ್ತ ಕಳೆದ. ಈಗ ಮಂಡಿಯೂರಿದವನು ಮಗ.

ದೇವರು ಅವನನ್ನು ಅನಾಥನಾಗಿ ಬಿಡಲಿಲ್ಲ. ಅದೇ ಧರ್ಮಕೇಂದ್ರದಲ್ಲಿ ಯಾನ್ ತಿರನೋವ್ಸ್ಕಿ ಎಂಬ ದರ್ಜಿಯೊಬ್ಬರಿದ್ದರು. ಮದುವೆಯಾಗದ, ಹೆಚ್ಚು ಮಾತನಾಡದ ಶ್ರೀಸಾಮಾನ್ಯ. ಗುರುಗಳನ್ನು ನಾಜಿಗಳು ಬಂಧಿಸಿ ಒಯ್ಯುತ್ತಿದ್ದ ಆ ಕಾಲದಲ್ಲಿ ಯುವಕರನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ಅವರು ಹೊತ್ತರು. ಹದಿನೈದು ಹದಿನೈದು ಯುವಕರ ಗುಂಪು ಕಟ್ಟಿ, ಜಪಸರದ ಒಂದೊಂದು ರಹಸ್ಯವನ್ನು ಒಬ್ಬೊಬ್ಬರಿಗೆ ವಹಿಸಿದರು. ಪೊಲೀಸರಿಗೆ ತಿಳಿದರೆ ಪ್ರಾಣಕ್ಕೇ ಕುತ್ತು. ಆದರೂ ತಮ್ಮ ಚಿಕ್ಕ ಕೋಣೆಯಲ್ಲಿ ಯುವಕರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತನಾಡಿಸಿದರು. ಶಿಲುಬೆಯ ಸಂತ ಯೊವಾನ್ನರ ಬರಹಗಳನ್ನು ಕರೋಲನಿಗೆ ಪರಿಚಯಿಸಿದವರು ಅವರೇ. 1947ರಲ್ಲಿ ಅವರು ತೀರಿಕೊಂಡರು. ಎರಡು ವರ್ಷಗಳ ನಂತರ, ಯುವ ಗುರುವಾಗಿದ್ದ ಕರೋಲ್ ಒಂದು ಕಥೋಲಿಕ ವಾರಪತ್ರಿಕೆಯಲ್ಲಿ ಅವರ ಕುರಿತು ಲೇಖನ ಬರೆದು ಋಣ ನೆನೆದರು. ಆ ಲೇಖನದ ಶೀರ್ಷಿಕೆ 'ಪ್ರೇಷಿತ'. ಒಬ್ಬ ದರ್ಜಿಗೆ ಸಂದ ಹೆಸರು ಅದು!

ಹೆತ್ತವರಷ್ಟೇ ತಂದೆಯಲ್ಲ ಎಂಬುದಕ್ಕೆ ನಮಗೆ ಇನ್ನೂ ದೊಡ್ಡ ಸಾಕ್ಷಿಯಿದೆ, ಸಂತ ಜೋಸೆಫರು. ಶುಭಸಂದೇಶಗಳಲ್ಲಿ ಅವರ ಒಂದೇ ಒಂದು ಮಾತೂ ದಾಖಲಾಗಿಲ್ಲ. ದೇವದೂತ ಹೇಳಿದಾಗ ರಾತ್ರೋರಾತ್ರಿ ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು (ಮತ್ತಾಯ 2:14). ದೇವಪುತ್ರರು ಮನುಷ್ಯರಾಗಿ 'ಅಪ್ಪಾ' ಎಂದು ಕರೆಯಲು ಕಲಿತದ್ದು ಆ ಬಡಗಿಯ ಮನೆಯಲ್ಲಿ. ಕೊರಿಂಥದವರಿಗೆ ಬರೆಯುವಾಗ ಸಂತ ಪೌಲರೂ ಹೇಳುತ್ತಾರೆ: ಕ್ರಿಸ್ತನಲ್ಲಿ ನಿಮಗೆ ಉಪಾಧ್ಯಾಯರು ಎಷ್ಟೇ ಇದ್ದರೂ ತಂದೆಯರು ಹೆಚ್ಚು ಮಂದಿ ಇಲ್ಲ (1 ಕೊರಿಂಥ 4:15). ನಿಮಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ಉಪದೇಶಿಗಳು, ದಾರಿ ತಪ್ಪಿದಾಗ ಹುಡುಕಿಕೊಂಡು ಬಂದ ಗುರುಗಳು, ಶಾಲೆಯ ಶುಲ್ಕ ಕಟ್ಟಿ ಯಾರಿಗೂ ಹೇಳದ ಜ್ಞಾನತಂದೆ, ಇವರೆಲ್ಲ ಆ ಹೆಚ್ಚಿಲ್ಲದ ಮಂದಿಯಲ್ಲಿ ಸೇರಿದವರು.

ಆದರೆ ಇದನ್ನು ಓದುತ್ತಿರುವ ಕೆಲವರ ಮನಸ್ಸು ಹಿಂಡುತ್ತಿರಬಹುದು. "ನನ್ನ ಅಪ್ಪ ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದರು. ತಂದೆ ಎಂಬ ಪದ ಕೇಳಿದರೆ ನನಗೆ ಭಯವಾಗುತ್ತದೆ. ನಾನು ಏನೆಂದು ಕೃತಜ್ಞತೆ ಹೇಳಲಿ?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಭೂಮಿಯ ಮೇಲಿನ ಪಿತೃತ್ವವೆಲ್ಲ ಹೆಸರು ಪಡೆಯುವುದು ಪರಲೋಕದ ತಂದೆಯಿಂದ ಎನ್ನುತ್ತಾರೆ ಸಂತ ಪೌಲರು (ಎಫೆಸ 3:14-15). ಎಂದರೆ ನಮ್ಮ ಅಪ್ಪಂದಿರನ್ನು ಇಟ್ಟು ದೇವರನ್ನು ಅಳೆಯಬಾರದು. ದೇವರನ್ನು ಇಟ್ಟು ಅಪ್ಪಂದಿರನ್ನು ಅಳೆಯಬೇಕು. ನಿಮಗೆ ಸಿಗದೆ ಹೋದ ಪ್ರೀತಿ ಇಲ್ಲದ ವಸ್ತುವಲ್ಲ. ದೂರದಲ್ಲೇ ಮಗನನ್ನು ಕಂಡು ಓಡಿಬಂದು ಅಪ್ಪಿಕೊಂಡ ತಂದೆ (ಲೂಕ 15:20) ನಿಮಗೂ ತಂದೆಯೇ. ಹಾಗೆ ಅಪ್ಪಿಕೊಂಡ ಒಂದು ಕೈ, ಅಜ್ಜನದೋ, ಮಾವನದೋ, ಮೇಷ್ಟರದೋ, ನಿಮ್ಮ ಬದುಕಿನಲ್ಲೂ ಇದ್ದಿರಬಹುದು. ಅದನ್ನು ನೆನೆಯಿರಿ. ನೋಯಿಸಿದವರನ್ನು ಕ್ಷಮಿಸುವ ಶಕ್ತಿಗೆ ಸಮಯ ಹಿಡಿದರೆ, ಅದನ್ನೂ ದೇವರ ಮುಂದೆಯೇ ಇಡಿ.

ಹಾಗಾದರೆ ಈ ವಾರ ನಾವು ಮಾಡಬೇಕಾದದ್ದೇನು? ತಂದೆ ಬದುಕಿದ್ದರೆ ಅವರ ಬಳಿ ಹೋಗಿ ಕುಳಿತುಕೊಳ್ಳಿ. ದೂರದ ಊರಿನಲ್ಲಿದ್ದರೆ ಫೋನ್ ಮಾಡಿ. ಅವರು ನಿಮಗಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿ "ಅಪ್ಪಾ, ಅದು ನನಗೆ ನೆನಪಿದೆ" ಎನ್ನಿ. ಅವರು ಮಾತು ಮರೆಸಿ ಊಟವಾಯಿತಾ ಎಂದು ಕೇಳಬಹುದು, ಪರವಾಗಿಲ್ಲ. ಅವರು ತೀರಿಕೊಂಡಿದ್ದರೆ ಅವರ ಆತ್ಮಶಾಂತಿಗಾಗಿ ಬಲಿಪೂಜೆಯಲ್ಲಿ ಪ್ರಾರ್ಥಿಸಿ. ನಿಮಗೆ ಉಪದೇಶ ಕಲಿಸಿದವರು ಈಗ ಮುಪ್ಪಿನಲ್ಲಿ ಒಂಟಿಯಾಗಿದ್ದರೆ, ಅವರ ಬಾಗಿಲು ತಟ್ಟಿ.

ತಂದೆಯರೇ, ನಿಮಗೊಂದು ಮಾತು. ಸಂಜೆಯ ಜಪಸರ ಹೆಂಗಸರಿಗೂ ಮಕ್ಕಳಿಗೂ ಸೇರಿದ್ದು ಎಂದು ಹೊರಗೆ ಕೂರಬೇಡಿ. ಪಕ್ಕದ ಮನೆಯಲ್ಲಿ ತಂದೆಯಿಲ್ಲದ ಮಗುವಿದ್ದರೆ ಅದನ್ನೂ ಮಾತನಾಡಿಸಿ. ನಿಮಗೆ ಬೋಧನೆ ಬಾರದಿರಬಹುದು. ಮಂಡಿಯೂರಲು ಬರುತ್ತದಲ್ಲ, ಅಷ್ಟು ಸಾಕು.

ಪ್ರಾರ್ಥಿಸೋಣ: ಪರಲೋಕದ ಪಿತನೇ, ನಿಮ್ಮ ಪ್ರೀತಿಯನ್ನು ನಮಗೆ ಕಾಣಿಸಿಕೊಟ್ಟ ನಮ್ಮ ತಂದೆಯರಿಗಾಗಿ, ವಿಶ್ವಾಸದ ಹಿರಿಯರಿಗಾಗಿ ನಿಮಗೆ ವಂದನೆ. ದುಡಿಯುತ್ತಿರುವವರಿಗೆ ಬಲವನ್ನೂ, ದಣಿದವರಿಗೆ ವಿಶ್ರಾಂತಿಯನ್ನೂ, ಅಗಲಿದವರಿಗೆ ನಿತ್ಯಜೀವವನ್ನೂ ದಯಪಾಲಿಸಿರಿ. ಅವರಿಂದ ಪಡೆದದ್ದನ್ನು ನಮ್ಮ ಮಕ್ಕಳಿಗೆ ದಾಟಿಸಲು ನಮಗೆ ಕೃಪೆ ನೀಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ. ಆಮೆನ್.