ಮಾಡಿದವನು, ಮಾಡಿಸಿದವನು, ಒಪ್ಪಿದವನು

ಮೇಲಧಿಕಾರಿಯ ಒತ್ತಾಯಕ್ಕೆ ಮಣಿದು ನೌಕರನೊಬ್ಬನು ಸುಳ್ಳು ಲೆಕ್ಕ ಬರೆದರೆ ದೋಷವು ಯಾರಿಗೆ ಸಲ್ಲಬೇಕು? ಸಣ್ಣ ಅಂಗಡಿಯಲ್ಲಿ ಇದಕ್ಕೆ ಉತ್ತರ ಸುಲಭ. ಅಲ್ಲಿ ಧಣಿಯೂ ಗುಮಾಸ್ತನೂ ಎದುರುಬದುರು ಕುಳಿತಿರುತ್ತಾರೆ. ಆದರೆ ಲಕ್ಷಾಂತರ ನೌಕರರಿರುವ ಕಂಪನಿಯಲ್ಲಿ ಹೇಳುವವನಿಗೂ ಮಾಡುವವನಿಗೂ ನಡುವೆ ಹತ್ತಾರು ಮೆಟ್ಟಿಲುಗಳಿದ್ದು, ಹೊಣೆಯು ಅಲ್ಲೆಲ್ಲೋ ಕಳೆದುಹೋದಂತೆ ತೋರುತ್ತದೆ.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಪ್ರಕರಣವು ಇದಕ್ಕೆ ನಿದರ್ಶನ. ಪ್ರತಿಯೊಂದು ಗ್ರಾಹಕ ಕುಟುಂಬಕ್ಕೂ ಎಂಟು ಬಗೆಯ ಸೇವೆಗಳನ್ನು ಮಾರಬೇಕೆಂಬುದು ಅಲ್ಲಿನ ಆಡಳಿತವರ್ಗದ ಗುರಿಯಾಗಿತ್ತು. ಗ್ರಾಹಕರ ಅಗತ್ಯ ಮುಗಿದರೂ ಗುರಿ ಮುಗಿಯಲಿಲ್ಲ. ಗುರಿ ಮುಟ್ಟದವರ ನೌಕರಿಗೇ ಸಂಚಕಾರ ಬಂದಿತು. ಆಗ ಅನೇಕ ನೌಕರರು ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ವಿಧಿಸಲಾಯಿತು. ಅದಕ್ಕೆ ಮುಂಚಿನ ಸುಮಾರು ಐದು ವರ್ಷಗಳಲ್ಲಿ ಬ್ಯಾಂಕು ಸುಮಾರು 5,300 ಮಂದಿಯನ್ನು ಕೆಲಸದಿಂದ ತೆಗೆದಿತ್ತು. ಜನರನ್ನು ತೆಗೆಯಿತೇ ಹೊರತು ಗುರಿಯನ್ನು ಕೈಬಿಟ್ಟಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬ್ಯಾಂಕಿನ ನಿಯಮಾವಳಿಯು ಇಂತಹ ಕೃತ್ಯವನ್ನು ನಿಷೇಧಿಸಿತ್ತು. ಹಾಗಿದ್ದ ಮೇಲೆ ಮೇಲಿನವರು ನಿರ್ದೋಷಿಗಳೇ?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮದ ಆಸ್ರವವನ್ನು ವಿವರಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನು ಹೇಳುತ್ತದೆ. ಕಾರ್ಯದ ಮೂರು ಹಂತ, ಮನ-ವಚನ-ಕಾಯವೆಂಬ ಮೂರು ಯೋಗ, ಮಾಡುವ-ಮಾಡಿಸುವ-ಒಪ್ಪುವ ಮೂರು ಬಗೆ, ನಾಲ್ಕು ಕಷಾಯ. ಇವನ್ನು ಗುಣಿಸಿದರೆ 108. ಈ ಲೆಕ್ಕದಲ್ಲಿ ಮಾಡಿಸಿದವನಿಗೆ ವಿನಾಯಿತಿಯಿಲ್ಲ. ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಮೊದಲ ಅತಿಚಾರವೇ ಸ್ತೇನಪ್ರಯೋಗ, ಎಂದರೆ ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು. ಪ್ರೇರಣೆಗೆ ಬಾಯಿಮಾತೇ ಬೇಕೆಂದಿಲ್ಲ. ನ್ಯಾಯಮಾರ್ಗದಲ್ಲಿ ಮುಟ್ಟಲಾಗದ ಗುರಿಯನ್ನು ಕೊಟ್ಟು, ಮುಟ್ಟಿದ ಬಗೆಯನ್ನು ಕೇಳದಿರುವುದೂ ಪ್ರೇರಣೆಯೇ. ಅಹಿಂಸಾಣುವ್ರತದ ಅತಿಚಾರವಾದ ಅತಿಭಾರಾರೋಪಣವೂ ಎತ್ತಿನ ಬೆನ್ನಿನ ಹೊರೆಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಲಾಗದು. ಬ್ಯಾಂಕಿನ ಮುಖ್ಯಸ್ಥ ಜಾನ್ ಸ್ಟಂಫ್ ಅವರು 2016ರ ಅಕ್ಟೋಬರಿನಲ್ಲಿ ಹುದ್ದೆ ತೊರೆದರು. 2020ರಲ್ಲಿ ಅವರಿಗೆ 1.75 ಕೋಟಿ ಡಾಲರ್ ದಂಡವೂ ಬ್ಯಾಂಕಿಂಗ್ ವೃತ್ತಿಯಿಂದ ಆಜೀವ ನಿಷೇಧವೂ ಒದಗಿದವು. ರಾಜನೀತಿಯೂ ತಡವಾಗಿಯಾದರೂ ಕಾರಿತದ ದೋಷವನ್ನು ಮನ್ನಿಸಿತು.

ಆದರೂ ಬರೆದ ಕೈ ಶುದ್ಧವಾಗುವುದಿಲ್ಲ. ಕೂಟಲೇಖಕ್ರಿಯೆಯು ಸತ್ಯವ್ರತದ ಅತಿಚಾರವೇ ಸರಿ. ಭಯವು ಅದರ ತೀವ್ರತೆಯನ್ನು ತಗ್ಗಿಸಬಹುದು, ಅಳಿಸಲಾರದು. ನೌಕರನಾದವನು ಸುಳ್ಳಿಗೆ ಸಹಿ ಹಾಕಬಾರದು. ತನ್ನ ಆಕ್ಷೇಪವನ್ನು ವಿನಯದಿಂದ ಬರಹದಲ್ಲಿ ತಿಳಿಸಬೇಕು. ಅಂತಹ ಗಳಿಕೆಯ ಬಹುಮಾನದಲ್ಲಿ ಪಾಲುಗೊಳ್ಳಬಾರದು.

ಹೀಗೆ ಹೇಳುವುದು ಸುಲಭ, ನಡೆಯುವುದು ಕಷ್ಟ. ಅದೇ ಬ್ಯಾಂಕಿನಲ್ಲಿ ತನ್ನ ಕೈಕೆಳಗಿನವರ ಅಕ್ರಮದ ಶಂಕೆಯನ್ನು ಮೇಲಿನವರಿಗೆ ತಿಳಿಸಿದ ಒಬ್ಬ ವ್ಯವಸ್ಥಾಪಕನು 2010ರಲ್ಲಿ ಕೆಲಸ ಕಳೆದುಕೊಂಡನು. ಅವನನ್ನು ಮರಳಿ ಸೇರಿಸಿಕೊಂಡು ಸುಮಾರು 54 ಲಕ್ಷ ಡಾಲರ್ ಕೊಡಬೇಕೆಂದು ಕಾರ್ಮಿಕ ಇಲಾಖೆಯು ಆದೇಶಿಸಿದ್ದು 2017ರಲ್ಲಿ. ನಡುವಿನ ಏಳು ವರ್ಷ ಒಂದು ಸಂಸಾರಕ್ಕೆ ಅಲ್ಪಕಾಲವಲ್ಲ.

ಆದಕಾರಣ ಈ ಧರ್ಮವನ್ನು ಒಬ್ಬ ನೌಕರನ ಹೆಗಲಿಗೇ ಹೊರಿಸಿ ಸಮಾಜವು ಸುಮ್ಮನಿರಲಾಗದು. ಮಗನ ಸಂಬಳವೆಷ್ಟೆಂದು ಕೇಳುವ ಮನೆಯವರು ಅದು ಬರುವ ಬಗೆಯನ್ನೂ ಕೇಳಬೇಕು. ಅವನು ಅನ್ಯಾಯಕ್ಕೆ ಒಪ್ಪದೆ ಮನೆಗೆ ಬಂದ ದಿನ ಅವನನ್ನು ಹಳಿಯದೆ ಅನ್ನವಿಕ್ಕಬೇಕು. ಹಳಿದರೆ ಅನುಮೋದನೆಯ ದೋಷವು ಮನೆಗೂ ಬರುತ್ತದೆ. ಸಮಾಜದ ವರ್ತಕರೂ ಬಸದಿಗಳ ಟ್ರಸ್ಟುಗಳೂ ಅಂತಹವನಿಗೆ ಕೆಲಸ ದೊರಕಿಸಲು ಮುಂದಾಗುವುದು ಸಾಧರ್ಮಿಕ ವಾತ್ಸಲ್ಯದ ಉತ್ತಮ ರೂಪವಾದೀತು. ಹತ್ತು ಜನರಿಗೆ ಕೆಲಸ ಕೊಟ್ಟಿರುವ ಶ್ರಾವಕನಂತೂ ವರ್ಷದ ಗುರಿಯನ್ನು ಗೊತ್ತುಮಾಡುವ ಮುನ್ನ, ಸುಳ್ಳು ಹೇಳದೆ ಇದನ್ನು ಮುಟ್ಟಲು ಸಾಧ್ಯವೇ ಎಂದು ತನ್ನ ಗುಮಾಸ್ತನನ್ನೇ ಕೇಳಿ ತಿಳಿಯುವುದು ಲೇಸು.